ಮೂತಿಗೆ ಕಟ್ಟಿದ ಸ್ಟೆಪ್ನಿ

ನೀರು ಸರಬರಾಜು ಕಚೇರಿಯ ಆವಕ ಗುಮಾಸ್ತರಿಗೆ ಜೀಪು ಓಡಿಸಲು ಬರುತ್ತಿತ್ತು, ನಿಲ್ಲಿಸಲು ಬರುತ್ತಿರಲಿಲ್ಲ. ಹಾಗೆಂದ ಮಾತ್ರಕ್ಕೆ ಬ್ರೇಕು ಕೆಟ್ಟಿತ್ತು ಅಂದುಕೊಳ್ಳಬೇಡಿ. ಬ್ರೇಕು ಚೆನ್ನಾಗಿಯೇ ಇತ್ತು. ಅವರಿಗೆ ತಿಳಿಯದಿದ್ದದ್ದು ಜೀಪಿನ ಮೂತಿ ಎಲ್ಲಿಗೆ ಮುಗಿಯುತ್ತದೆ ಎಂಬುದೊಂದೇ. ಸೀಟಿನಲ್ಲಿ ಕುಳಿತರೆ ಬಾನೆಟ್ಟು ಕಾಣುತ್ತದೆ, ಅದರಾಚೆ ಗೋಡೆ ಕಾಣುತ್ತದೆ. ಇವೆರಡರ ನಡುವೆ ಉಳಿದಿರುವುದು ಒಂದು ಗೇಣೋ ಒಂದು ಮಾರೋ, ದೇವರಾಣೆಗೂ ಅವರಿಗೆ ಹೊಳೆಯುತ್ತಿರಲಿಲ್ಲ. ಆದ್ದರಿಂದ ಅವರು ತಮ್ಮದೇ ಒಂದು ಪದ್ಧತಿ ರೂಢಿಸಿಕೊಂಡಿದ್ದರು. ಕ್ಲಚ್ಚಿನ ಮೇಲೆ ಅರ್ಧ ಕಾಲಿಟ್ಟು, ಉಸಿರು ಬಿಗಿಹಿಡಿದು, ಇರುವೆ ನಡೆದ ಹಾಗೆ ಮುಂದಕ್ಕೆ ಹೋಗುವುದು. ತಾಗಿದರೆ ಬಂತು ಎಂದರ್ಥ.

ತಾಗುತ್ತಿದ್ದದ್ದು ಪಕ್ಕದ ಮನೆಯ ನಿವೃತ್ತ ಡ್ರಾಯಿಂಗ್ ಮೇಷ್ಟರ ಗೋಡೆಗೆ. ಗುಮಾಸ್ತರ ಶೆಡ್ಡು ಮುಗಿಯುವುದೂ ಮೇಷ್ಟರ ಕಾಂಪೌಂಡು ಶುರುವಾಗುವುದೂ ಒಂದೇ ಕಡೆ. ಮೇಷ್ಟರು ಜಗಳಗಂಟರಲ್ಲ. ಸಂಜೆ ‘ಧಡ್’ ಎಂದು ಸದ್ದಾದ ಕೂಡಲೇ ಸುಣ್ಣ ಬಳಿದ ಆ ಗೋಡೆಯ ಮೇಲಿಂದ ಕತ್ತು ಚಾಚಿ, “ಇವತ್ತು ಎರಡು ಇಟ್ಟಿಗೆ, ಗುಮಾಸ್ತರೇ” ಎಂದು ವರದಿ ಒಪ್ಪಿಸಿ ಒಳಗೆ ಹೋಗುವರು. ಆರು ತಿಂಗಳಲ್ಲಿ ಗೋಡೆ ಅವರ ಕಡೆಗೆ ಹೊಟ್ಟೆ ಬಿಟ್ಟುಕೊಂಡಿತು. “ಮೂವತ್ತು ವರ್ಷ ಮಕ್ಕಳಿಗೆ ನೆಟ್ಟಗೆ ಗೆರೆ ಎಳೆಯೋದು ಕಲಿಸಿದವನು ನಾನು. ನನ್ನ ಗೋಡೆನೇ ಹೀಗಾದ್ರೆ ನೋಡಿದವರು ಏನಂತಾರೆ?” ಎಂದು ಒಂದು ದಿನ ಮೇಷ್ಟರು ತುಂಬ ನೊಂದುಕೊಂಡು ಕೇಳಿದರು. ಗುಮಾಸ್ತರಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಹೆಂಡತಿ ಒಂದೇ ಮಾತಿನಲ್ಲಿ ಪರಿಹಾರ ಹೇಳಿದಳು. “ಗೋಡೆಗೆ ಒಂದು ಹಳೇ ಟೈರು ತೂಗುಹಾಕಿ. ಗೋದಾಮಿನಲ್ಲಿ ಲಾರಿ ನಿಲ್ಲೋ ಕಡೆ ಹಾಕಿರ್ತಾರಲ್ಲ, ಹಾಗೆ.”

“ಗೋಡೆಗೆ ಟೈರು ಹಾಕಿದ್ರೆ ನನಗೆ ನಿಲ್ಲಿಸೋಕೆ ಬರಲ್ಲ ಅಂತ ಊರಿಗೆಲ್ಲ ಗೊತ್ತಾಗುತ್ತೆ!”

“ಈಗ ಗೊತ್ತಿಲ್ವಾ?”

“ಮೇಷ್ಟರಿಗೆ ಮಾತ್ರ ಗೊತ್ತು. ನಿಮ್ಮಪ್ಪನಿಗೆ ಗೊತ್ತಾಗೋದು ಬೇಡ.”

ವಿಷಯ ಇದ್ದದ್ದೇ ಇಲ್ಲಿ. ಮಾವನವರು ಮೂವತ್ತೆಂಟು ವರ್ಷ ಬಸ್ಸು ಓಡಿಸಿ, ಒಂದು ಕೋಳಿಯ ಪುಕ್ಕವನ್ನೂ ಸೋಕಿಸದೆ ನಿವೃತ್ತರಾದವರು. ಮಗಳ ಮದುವೆಯಾಗಿ ಹನ್ನೊಂದು ವರ್ಷವಾಗಿದ್ದರೂ ಅಳಿಯ ಓಡಿಸುವ ಗಾಡಿಯಲ್ಲಿ ಒಂದು ಸಲವೂ ಕುಳಿತವರಲ್ಲ. ಬಸ್ ನಿಲ್ದಾಣಕ್ಕೆ ಜೀಪು ಒಯ್ದರೆ ಅತ್ತೆಯವರನ್ನೂ ಚೀಲಗಳನ್ನೂ ಹತ್ತಿಸಿ, “ನೀವು ಮುಂದೆ ನಡೀರಿ ಅಳಿಯಂದ್ರೇ, ಡಾಕ್ಟರು ನನಗೆ ನಡೆಯೋಕೆ ಹೇಳಿದಾರೆ” ಎಂದು ಕಾಲ್ನಡಿಗೆಯಲ್ಲೇ ಬರುವರು. ಬಹಳ ಸಲ ಜೀಪಿಗಿಂತ ಮೊದಲೇ ಮನೆ ತಲುಪಿರುವರು. ಬಂಧುಗಳೆದುರು, “ನಮ್ಮ ಅಳಿಯಂದ್ರು ತುಂಬ ಒಳ್ಳೆಯವರು, ಅಕ್ಷರ ಅಂದ್ರೆ ಮುತ್ತು ಪೋಣಿಸಿದ ಹಾಗೆ” ಎಂದು ಹೊಗಳಿ ಮಾತು ಅಲ್ಲಿಗೇ ನಿಲ್ಲಿಸುವರು. ಅಲ್ಲಿಗೇ ನಿಲ್ಲುತ್ತಿದ್ದ ಆ ಹೊಗಳಿಕೆ ಗುಮಾಸ್ತರನ್ನು ಹನ್ನೊಂದು ವರ್ಷದಿಂದ ಒಳಗೊಳಗೇ ಕೊರೆಯುತ್ತಿತ್ತು. ಒಂದೇ ಒಂದು ಸಲ ಮಾವ ತಮ್ಮ ಪಕ್ಕದ ಸೀಟಿನಲ್ಲಿ ಕೂರಬೇಕು. ಬಡ್ತಿಯನ್ನೂ ಅವರು ಇಷ್ಟು ಬಯಸಿರಲಿಲ್ಲ.

ಗೋಡೆಗೆ ಟೈರು ಬೇಡ ಎಂದಮೇಲೆ ಉಳಿದದ್ದು ಜೀಪಿಗೆ ಟೈರು. ಈ ಜೀಪು, ಬಾವಿ ತೋಡಿಸುವ ಕೆಲಸದಲ್ಲಿದ್ದ ಅವರ ಚಿಕ್ಕಪ್ಪ ಕಣ್ಣು ಮಂಜಾಯಿತೆಂದು ಬಿಟ್ಟುಕೊಟ್ಟದ್ದು. ಕಲ್ಲು, ಕೆಸರು, ಕೊರಕಲು ಎಲ್ಲ ಕಂಡ ಗಟ್ಟಿ ಗಾಡಿ. ನಾಲ್ಕೂ ಚಕ್ರಗಳನ್ನು ಒಟ್ಟಿಗೆ ತಿರುಗಿಸುವ ಎರಡನೆಯದೊಂದು ಪುಟ್ಟ ಗೇರು ಕೋಲು ಅದಕ್ಕಿತ್ತು. ಅದಿರುವುದು ತರಕಾರಿ ಚೀಲ ತೂಗುಹಾಕಲು ಎಂದೇ ಗುಮಾಸ್ತರು ಭಾವಿಸಿದಂತಿತ್ತು. ಹಿಂಬಾಗಿಲಿನಲ್ಲಿ ಒಂದು ಸ್ಟೆಪ್ನಿ ಕೆಲಸವಿಲ್ಲದೆ ನೇತಾಡುತ್ತಿತ್ತು. ಅದನ್ನೇ ಬಿಚ್ಚಿ ಮುಂದಕ್ಕೆ ಕಟ್ಟಿಸಿದರೆ ಗೋಡೆಯೂ ಉಳಿಯಿತು, ಮಾನವೂ ಉಳಿಯಿತು. ಈ ಯೋಚನೆ ಹೊಳೆದ ದಿನ ಗುಮಾಸ್ತರು ಊಟಕ್ಕೆ ಕುಳಿತಲ್ಲೇ ಒಬ್ಬರೇ ನಕ್ಕರು.

“ಸ್ಟೆಪ್ನಿ ಮುಂದೆ ಯಾಕೆ ಸಾರ್? ಹಿಂದೆ ಚೆನ್ನಾಗೇ ಇದೆಯಲ್ಲ?” ವೆಲ್ಡಿಂಗ್ ಅಂಗಡಿಯವನು ಕಪ್ಪು ಕನ್ನಡಕವನ್ನು ಹಣೆಗೇರಿಸಿ ಕೇಳಿದ.

ನಿಜ ಹೇಳಿಬಿಟ್ಟಿದ್ದರೆ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಅಂಗಡಿಯ ಬೆಂಚಿನ ಮೇಲೆ ನಾಲ್ಕು ಜನ ಚಹಾ ಕುಡಿಯುತ್ತ ಕುಳಿತಿದ್ದರು. ನಾಲ್ವರೂ ಲೋಟ ಇಳಿಸಿ ಉತ್ತರಕ್ಕಾಗಿ ನೋಡಿದರು. ಗುಮಾಸ್ತರು ಗಂಟಲು ಸರಿಮಾಡಿಕೊಂಡರು.

“ಗುಡ್ಡ ಹತ್ತುವಾಗ ಹಿಂದೆ ಭಾರ ಇರಬಾರದು. ಮೂತಿ ಮೇಲಕ್ಕೆದ್ದುಬಿಡುತ್ತೆ. ಬಲ್ಲವರೆಲ್ಲ ಮುಂದೇನೇ ಹಾಕಿಸೋದು.”

“ಗುಡ್ಡ ಬೇರೆ ಹತ್ತಿಸ್ತೀರಾ ಇದನ್ನ?”

“ಮತ್ತೆ? ಜೀಪು ಇಟ್ಟುಕೊಂಡು ಬಟಾಬಯಲಲ್ಲಿ ಓಡಾಡೋಕಾಗುತ್ತಾ?” ಎಂದರು ಗುಮಾಸ್ತರು. ಅವರು ಅದುವರೆಗೆ ಹತ್ತಿಸಿದ್ದ ಅತಿ ದೊಡ್ಡ ಎತ್ತರ ರೈಲ್ವೆ ಮೇಲ್ಸೇತುವೆ.

ಅಂಗಡಿಯವನಿಗೆ ಗೌರವ ಉಕ್ಕಿತು. ಬಂಪರಿಗೆ ಬರೀ ಬೆಸೆದರೆ ಕಿತ್ತು ಬರುತ್ತದೆಂದು ಆ್ಯಂಗಲ್ ಕಬ್ಬಿಣದ ಚೌಕಟ್ಟು ಮಾಡಿ, ಅದನ್ನು ಗಾಡಿಯ ಅಡಿಗಿರುವ ಚಾಸಿಗೇ ಬೋಲ್ಟು ಹಾಕಿ ಬಿಗಿದ. ದೀಪಗಳಿಗೆ ಅಡ್ಡ ಬರದಂತೆ ಟೈರನ್ನು ನಟ್ಟನಡುವೆ ಕೂರಿಸಿದ, ನಂಬರ್ ಪ್ಲೇಟನ್ನು ಕೆಳಗಿಳಿಸಿದ. ಕೊನೆಗೆ ಕೈ ಒರೆಸಿಕೊಳ್ಳುತ್ತ, “ರೇಡಿಯೇಟರಿಗೆ ಗಾಳಿ ಕಮ್ಮಿ ಆಗುತ್ತೆ, ಏರು ಹತ್ತುವಾಗ ಇಂಜಿನ್ ಬಿಸಿಯಾಗುತ್ತೆ. ಅನುಭವ ಇರೋರಿಗೆ ನಾನೇನು ಹೇಳೋದು” ಎಂದ. ಅನುಭವ ಇರುವವರು ಗಂಭೀರವಾಗಿ ತಲೆಯಾಡಿಸಿದರು.

ಅಂದು ಸಂಜೆ ಶೆಡ್ಡಿನಲ್ಲಿ ‘ಧಡ್’ ಎನ್ನಲಿಲ್ಲ. ಯಾರೋ ದಿಂಬಿಗೆ ಒರಗಿದಷ್ಟು ಮೆಲ್ಲಗೆ ಏನೋ ‘ಪುಸ್’ ಎಂದಿತು. ಅಭ್ಯಾಸಬಲದಿಂದ ಕತ್ತು ಚಾಚಿದ ಮೇಷ್ಟರು ಆ ಕಡೆ ಈ ಕಡೆ ಹುಡುಕಿ, “ಇವತ್ತು ಏನೂ ಇಲ್ವಾ?” ಎಂದು ಕೇಳಿದರು. ಅವರ ದನಿಯಲ್ಲಿ ತುಸು ನಿರಾಸೆಯಿದ್ದಂತೆ ಗುಮಾಸ್ತರಿಗೆ ಕೇಳಿಸಿತು.

ಬೆಂಚಿನ ಮೇಲಿದ್ದ ಆ ನಾಲ್ವರು ನಾಲ್ಕು ಬೀದಿಯವರು. ಎರಡೇ ದಿನದಲ್ಲಿ ಸುದ್ದಿ ಎಲ್ಲ ಕಡೆ ಹಬ್ಬಿತು. ಹೂವಿನ ಅಂಗಡಿಯಾಕೆ ಜೀಪು ಹಾದುಹೋಗುವಾಗ ಬುಟ್ಟಿ ಹಿಂದಕ್ಕೆ ಸರಿಸಿ ದಾರಿ ಬಿಡತೊಡಗಿದಳು. ಕ್ಷೌರದಂಗಡಿಯಲ್ಲಿ ಗುಮಾಸ್ತರ ಗಲ್ಲಕ್ಕೆ ನೊರೆ ಹಚ್ಚಿದ ಮೇಲೆ, ಅಂದರೆ ಅವರು ಎದ್ದು ಓಡುವಂತಿಲ್ಲದಾಗ, ಪ್ರಶ್ನೆಗಳು ಬಂದವು.

“ಎಷ್ಟು ಗುಡ್ಡ ಆಗಿರಬಹುದು ಸಾರ್ ಇದುವರೆಗೆ?”

“ಎಣಿಸಿಲ್ಲ” ಎಂದರು ಗುಮಾಸ್ತರು. ಇದರಲ್ಲಿ ಸುಳ್ಳೇನಿಲ್ಲ. ಇಲ್ಲದ್ದನ್ನು ಯಾರೂ ಎಣಿಸುವುದಿಲ್ಲ.

“ಇಳಿಜಾರಿನಲ್ಲಿ ಟೈರು ಹೇಗಿರಬೇಕು ಅಂತೀರಿ?”

ಗುಮಾಸ್ತರು ನೊರೆಯೊಳಗೇ ತುಂಬ ಹೊತ್ತು ಯೋಚಿಸಿ, “ದುಂಡಗಿರಬೇಕು” ಎಂದರು.

ಸರದಿಗಾಗಿ ಕಾಯುತ್ತಿದ್ದವರೆಲ್ಲ ಮುಖ ಮುಖ ನೋಡಿಕೊಂಡರು. ಇದರಲ್ಲಿ ಬಹಳ ಆಳವಾದದ್ದೇನೋ ಇದೆ ಎಂದು ಅವರಿಗೆ ಖಾತ್ರಿಯಾಯಿತು. ಅಂದಿನಿಂದ ಬೀದಿಯಲ್ಲಿ ಅವರಿಗೆ ‘ಗುಡ್ಡದ ಗುಮಾಸ್ತರು’ ಎಂದೇ ಹೆಸರಾಯಿತು. ಗುಮಾಸ್ತರೂ ಅದನ್ನು ಕೇಳಿಸಿಕೊಂಡು ಕೇಳಿಸದವರಂತೆ ನಡೆಯುವುದನ್ನು ಬೇಗನೆ ಕಲಿತರು.

ಇಲ್ಲಿಯವರೆಗೆ ಎಲ್ಲ ಸುಖವಾಗಿತ್ತು. ಪೇಚಿಗೆ ಸಿಕ್ಕಿಸಿದ್ದು ಕಚೇರಿಯ ಕಾಗದ. ಕಚೇರಿಗೆ ಬರುವ ಪ್ರತಿಯೊಂದು ಕಾಗದವೂ ಮೊದಲು ಆವಕ ಗುಮಾಸ್ತರ ಮೇಜಿಗೇ ಬರಬೇಕು. ಅವರು ಓದುವ ಮೊದಲೇ ‘ಸ್ವೀಕರಿಸಿದೆ’ ಎಂದು ಮುದ್ರೆ ಒತ್ತುವರು. ಬುಧವಾರ ಹಾಗೆಯೇ ಒಂದು ಕಾಗದಕ್ಕೆ ಮುದ್ರೆ ಒತ್ತಿ, ದಪ್ಪ ಪುಸ್ತಕದಲ್ಲಿ ಸಂಖ್ಯೆ ಬರೆದು, ಆಮೇಲೆ ಓದಿದರು. ‘ಗುಡ್ಡದ ಮೇಲಿನ ನೀರಿನ ಟ್ಯಾಂಕಿನ ತಪಾಸಣೆಗೆ ಬರುವ ಭಾನುವಾರ ತೆರಳಲಿದ್ದು, ರಸ್ತೆ ಅಲ್ಲಲ್ಲಿ ಕೊಚ್ಚಿಹೋಗಿರುವ ಕಾರಣ, ಗುಡ್ಡಗಾಡು ವಾಹನ ಚಾಲನೆಯಲ್ಲಿ ನುರಿತವರೆಂದು ತಿಳಿದುಬಂದಿರುವ ಆವಕ ಗುಮಾಸ್ತರು ತಮ್ಮ ಜೀಪಿನೊಂದಿಗೆ ರಕ್ಷಣಾರ್ಥವಾಗಿ ಹಿಂದೆಯೇ ಬರತಕ್ಕದ್ದು.’ ಕೆಳಗೆ ಇಂಜಿನಿಯರ್ ಸಾಹೇಬರ ಸಹಿ.

ಗುಮಾಸ್ತರು ಸಾಹೇಬರ ಕೋಣೆಗೆ ಓಡಿದರು. ಈ ಸಲ ನಿಜ ಹೇಳಿಯೇ ಬಿಡುವುದೆಂದು ಅವರ ತೀರ್ಮಾನವಾಗಿತ್ತು.

“ಸಾರ್, ಆ ಟೈರು...”

“ನೋಡಿದೆ ಕಣ್ರೀ! ಗೇಟಿನಲ್ಲೇ ನೋಡಿದೆ. ಇಂಥವರು ನಮ್ಮಲ್ಲೇ ಇದ್ದು ನನಗೆ ಗೊತ್ತಿಲ್ಲ ಅಂದ್ರೆ ಏನರ್ಥ?”

“ಅದಲ್ಲ ಸಾರ್, ನಿಜ ಹೇಳಬೇಕಂದ್ರೆ ನಾನು...”

“ವಿನಯ ಬೇಡ! ದೊಡ್ಡ ಕೆಲಸ ಮಾಡೋರಿಗೆ ಇದೇ ರೋಗ. ಮೇಲೆ ಗಾಳಿ ಚೆನ್ನಾಗಿದೆ, ಮನೆಯವರನ್ನೂ ಕರ್ಕೊಂಡು ಬನ್ನಿ.”

ಗುಮಾಸ್ತರು ಬಾಯಿ ತೆರೆದರು. ಸಾಹೇಬರು ಫೋನು ಎತ್ತಿಕೊಂಡರು. ತೆರೆದ ಬಾಯನ್ನು ಹಾಗೆಯೇ ಹೊತ್ತುಕೊಂಡು ಗುಮಾಸ್ತರು ಹೊರಗೆ ಬಂದರು.

ಶನಿವಾರ ಮಧ್ಯಾಹ್ನ, ಕರೆಯದೆಯೇ, ಮಾವನವರು ಅತ್ತೆಯವರೊಡನೆ ಬಂದಿಳಿದರು. “ಬಸ್ಸಿನಲ್ಲಿ ಕಂಡಕ್ಟರು ಹೇಳಿದ. ನಿಮ್ಮ ಅಳಿಯ ಗುಡ್ಡ ಹತ್ತಿಸ್ತಾರಂತೆ ಅಂದ. ಬೇರೆ ಯಾರೋ ಇರಬೇಕು ಅಂದೆ” ಎಂದು ಚಪ್ಪಲಿ ಬಿಡುತ್ತಲೇ ಹೇಳಿದರು. ಚಹಾ ಕುಡಿಯುವ ಮೊದಲೇ ಶೆಡ್ಡಿಗೆ ಹೋಗಿ ಜೀಪಿನ ಸುತ್ತ ಒಂದು ಸುತ್ತು ಬಂದರು. ಕನ್ನಡಕ ಹಾಕಿಕೊಂಡು ಕುಕ್ಕರಗಾಲಿನಲ್ಲಿ ಕುಳಿತರು. ಬೋಲ್ಟುಗಳನ್ನು ಅಲುಗಾಡಿಸಿ ನೋಡಿದರು. ಟೈರಿನ ನಡುಭಾಗವನ್ನು ತೋರುಬೆರಳಿನಿಂದ ಸವರಿ, ಬೆರಳನ್ನು ಬೆಳಕಿಗೆ ಹಿಡಿದು ನೋಡಿಕೊಂಡು, ಕರವಸ್ತ್ರಕ್ಕೆ ಒರೆಸಿಕೊಂಡರು.

“ಹೂಂ” ಎಂದರು.

ಆ ಒಂದು ಹೂಂಕಾರದ ಅರ್ಥ ಹುಡುಕುತ್ತ ಗುಮಾಸ್ತರು ಮಧ್ಯಾಹ್ನವಿಡೀ ಕಳೆದರು.

“ನಾಳೆ ನಾನೂ ಬರ್ತೀನಿ” ಎಂದರು ಮಾವ, ಸಂಜೆ ಚಹಾ ಲೋಟ ಕೆಳಗಿಡುತ್ತ.

“ಮುಂದೆ ಕೂತ್ಕೊಳ್ಳಿ ಮಾವ. ನನ್ನ ಪಕ್ಕ” ಎಂದರು ಗುಮಾಸ್ತರು.

“ಬೇಡ ಅಳಿಯಂದ್ರೇ. ಮುಂದೆ ಕೂತ್ರೆ ನನ್ನ ಕಾಲು ಸುಮ್ಮನಿರಲ್ಲ, ಬ್ರೇಕು ಹುಡುಕುತ್ತೆ. ಹಿಂದೆ ಕೂರ್ತೀನಿ. ಹಿಂಬಾಗಿಲು ಈಗ ಹಗುರಾಗಿದೆಯಲ್ಲ, ಬೇಕಾದ್ರೆ ಬೇಗ ತೆಗೀಬಹುದು.”

ಭಾನುವಾರ ಬೆಳಿಗ್ಗೆ ಬೀದಿಗೆ ಬೀದಿಯೇ ಬಂದು ಬೀಳ್ಕೊಟ್ಟಿತು. ಮೇಷ್ಟರು ಗುಡ್ಡದ ರಸ್ತೆಯ ಚಿತ್ರವನ್ನು ಪೆನ್ಸಿಲಿನಲ್ಲಿ ಬರೆದು ತಂದುಕೊಟ್ಟರು. ತಿರುವುಗಳನ್ನೆಲ್ಲ ಬಹಳ ನೆಟ್ಟಗೆ ಎಳೆದಿದ್ದರು. ಮುಂದೆ ಸಾಹೇಬರ ಕಾರು, ಹಿಂದೆ ಜೀಪು. ಗುಮಾಸ್ತರ ಪಕ್ಕದಲ್ಲಿ ಹೆಂಡತಿ, ಹಿಂದೆ ಅತ್ತೆ ಮಾವ. ಮಾವನವರು ಒಂದು ಕೈಯಿಂದ ಹಿಂಬಾಗಿಲಿನ ಹಿಡಿಯನ್ನು ಭದ್ರವಾಗಿ ಹಿಡಿದುಕೊಂಡಿದ್ದರು. ಮನೆಯಿಂದ ಗುಡ್ಡದ ಬುಡದವರೆಗೆ ಅವರು ಆ ಕೈ ಬಿಡಲಿಲ್ಲ.

ಏರು ಶುರುವಾದ ಹತ್ತೇ ನಿಮಿಷಕ್ಕೆ ಬಾನೆಟ್ಟಿನ ಸಂದಿಯಿಂದ ಆವಿ ಎದ್ದಿತು.

“ಇದು ಮಾಮೂಲಿ” ಎಂದರು ಗುಮಾಸ್ತರು, ಯಾರೂ ಕೇಳದಿದ್ದರೂ.

“ಮಾಮೂಲಿನೇ. ಮೂಗಿಗೆ ಅಡ್ಡ ಟೈರು ಕಟ್ಟಿದ್ರೆ ನಿಮಗೂ ಹೀಗೇ ಆಗುತ್ತೆ” ಎಂದರು ಮಾವ. ಎಲ್ಲರೂ ಇಳಿದರು. ಇಂಜಿನ್ ತಣ್ಣಗಾಗುವವರೆಗೆ ಕಾದು, ನೀರು ಹಾಕಿ, ಮತ್ತೆ ಹೊರಟರು. ಸಾಹೇಬರ ಕಾರು ಅಷ್ಟರಲ್ಲಿ ಮುಂದಿನ ತಿರುವು ದಾಟಿ ಮರೆಯಾಗಿತ್ತು.

ಆ ತಿರುವು ದಾಟಿದರೆ ಕಾರು ಅಲ್ಲೇ ನಿಂತಿತ್ತು. ನಿಂತಿತ್ತು ಎನ್ನುವುದಕ್ಕಿಂತ ಹೂತಿತ್ತು ಎನ್ನಬೇಕು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಕೊರಕಲು, ನಡುವೆ ಕಡಿದಾದ ಏರಿನಲ್ಲಿ ಕೆಸರು. ಚಕ್ರಗಳು ಗಿರ್ರನೆ ತಿರುಗುತ್ತಿದ್ದವೇ ಹೊರತು ಕಾರು ಮುಂದೆ ಹೋಗುತ್ತಿರಲಿಲ್ಲ. ಬದಲಿಗೆ ಒಂದೊಂದೇ ಅಂಗುಲ ಕೊರಕಲಿನ ಕಡೆಗೆ ಜಾರುತ್ತಿತ್ತು. ಕಿಟಕಿಯಿಂದ ಸಾಹೇಬರ ತಲೆ ಹೊರಗೆ ಬಂತು.

“ಗುಮಾಸ್ತರೇ! ಬಂದ್ರಾ? ಏನಾದ್ರೂ ಮಾಡ್ರೀ! ಈ ಕಡೆ ಬಾಗಿಲು ತೆಗೆದ್ರೆ ಬರೀ ಆಕಾಶ ಇದೆ!”

“ಹಗ್ಗ ಇದೆಯಾ ಸಾರ್?” ಎಂದು ಸಾಹೇಬರ ಡ್ರೈವರು ಕೂಗಿದ.

ಹಗ್ಗವಿರಲಿಲ್ಲ. ಇದ್ದಿದ್ದರೂ ಕಾರನ್ನು ದಾಟಿ ಮುಂದೆ ಹೋಗಲು ದಾರಿಯಿರಲಿಲ್ಲ. ಉಳಿದದ್ದು ಹಿಂದಿನಿಂದ ನೂಕುವುದೊಂದೇ. ಜೋರಾಗಿ ತಾಗಿದರೆ ಕಾರು ಜಾರಿ ಕೆಳಗೆ ಹೋಗುತ್ತದೆ; ಇದು ಗುಮಾಸ್ತರಿಗೂ ಗೊತ್ತಾಯಿತು, ಹಿಂದೆ ಕುಳಿತ ಮೂವತ್ತೆಂಟು ವರ್ಷದ ಅನುಭವಕ್ಕೂ ಗೊತ್ತಾಯಿತು. ಮಾವನವರು ಹಿಂಬಾಗಿಲಿನ ಹಿಡಿ ತಿರುಗಿಸಿ ಎದ್ದರು.

“ಇಳೀರಿ ಅಳಿಯಂದ್ರೇ, ಸ್ಟಿಯರಿಂಗು ನನಗೆ ಕೊಡಿ.”

“ಕೂತ್ಕೊಳ್ಳಿ ಮಾವ” ಎಂದರು ಗುಮಾಸ್ತರು.

ಹನ್ನೊಂದು ವರ್ಷದಲ್ಲಿ ಅವರು ಮಾವನವರ ಅಪ್ಪಣೆಗೆ ‘ಹೌದು’, ‘ಆಗಲಿ’ ಬಿಟ್ಟು ಬೇರೆ ಹೇಳಿದ್ದು ಇದೇ ಮೊದಲು. ಮಾವನವರಿಗೂ ಎಷ್ಟು ಆಶ್ಚರ್ಯವಾಯಿತೆಂದರೆ ಅವರು ಕುಳಿತೇಬಿಟ್ಟರು.

ಗುಮಾಸ್ತರು ಕ್ಲಚ್ಚಿನ ಮೇಲೆ ಅರ್ಧ ಕಾಲಿಟ್ಟರು. ಉಸಿರು ಬಿಗಿಹಿಡಿದರು. ಲೋಕದಲ್ಲಿ ಅವರಿಗೆ ಚೆನ್ನಾಗಿ ಬರುತ್ತಿದ್ದ ಡ್ರೈವಿಂಗು ಇದೊಂದೇ. ದಿನಾ ಸಂಜೆ, ರಜೆಯಿಲ್ಲದೆ, ಆರು ತಿಂಗಳು ಮಾಡಿದ್ದರು. ಜೀಪು ಇರುವೆಯ ಹಾಗೆ ಮುಂದೆ ಹೋಯಿತು. ಇನ್ನೆಷ್ಟು ದೂರ ಎಂದು ಅವರಿಗೆ ಎಂದಿನಂತೆ ತಿಳಿಯಲಿಲ್ಲ, ತಿಳಿಯುವ ಅಗತ್ಯವೂ ಇರಲಿಲ್ಲ.

‘ಪುಸ್.’

“ಬೇಗ ಬನ್ರೀ! ಎಲ್ಲಿದ್ದೀರಿ?” ಎಂದು ಸಾಹೇಬರು ಇನ್ನೂ ಕೂಗುತ್ತಲೇ ಇದ್ದರು. ಜೀಪು ಬಂದು ತಾಗಿದ್ದು ಅವರಿಗೆ ಗೊತ್ತೇ ಆಗಿರಲಿಲ್ಲ.

“ಆ ಚಿಕ್ಕ ಗೇರು ಹಾಕಿ” ಎಂದರು ಮಾವ. ಅವರ ದನಿ ತಗ್ಗಿತ್ತು. “ಮಗಳೇ, ಮೊದಲು ಅದಕ್ಕೆ ನೇತುಹಾಕಿರೋ ಚೀಲ ತೆಗಿ.”

ಹೆಂಡತಿ ಚೀಲ ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಗುಮಾಸ್ತರು ಆ ಪುಟ್ಟ ಗೇರನ್ನು ಮೊದಲ ಸಲ ಮುಟ್ಟಿದರು. ಎಲ್ಲೋ ಕೆಳಗೆ ‘ಕಟಕ್’ ಎಂದಿತು. ನಾಲ್ಕೂ ಚಕ್ರ ನೆಲ ಹಿಡಿದವು. ಟೈರು ಒಂದಿಷ್ಟು ಅಮುಕಿಕೊಂಡಿತು, ಕಾರು ಒಮ್ಮೆ ಕೊಸರಾಡಿತು, ಆಮೇಲೆ ಎರಡೂ ಗಾಡಿಗಳು ಒಂದೇ ಗಾಡಿಯಾದಂತೆ ಮೆಲ್ಲಮೆಲ್ಲಗೆ ಏರು ಹತ್ತಿದವು. ಟ್ಯಾಂಕಿನ ಬಳಿ ಸಮತಟ್ಟು ಸಿಕ್ಕಿದಾಗ ಜೀಪು ಮತ್ತೆ ಆವಿ ಕಾರುತ್ತಿತ್ತು. ಗುಮಾಸ್ತರು ಆಗ ಉಸಿರು ಬಿಟ್ಟರು.

ಸಾಹೇಬರು ಇಳಿದವರೇ ಗುಮಾಸ್ತರ ಕೈ ಕುಲುಕಿದರು. “ಇಲಾಖೆಯ ಎಲ್ಲ ಗಾಡಿಗೂ ಸ್ಟೆಪ್ನಿ ಮುಂದೇನೇ ಹಾಕಿಸ್ತೀನಿ. ನಾಳೆನೇ ಆದೇಶ ಬರುತ್ತೆ, ನೀವೇ ಆವಕ ಮಾಡಿಕೊಳ್ಳಿ!” ಎಂದು ಘೋಷಿಸಿ, ಟ್ಯಾಂಕಿನ ಏಣಿಯ ಕಡೆಗೆ ಹೋದರು.

ಮಾವನವರು ಅವಸರವಿಲ್ಲದೆ ಇಳಿದು ಕಾರಿನ ಹಿಂಭಾಗವನ್ನು ನೋಡಿದರು. ಬಂಪರಿನ ಮೇಲೆ ಟೈರಿನ ಕಪ್ಪು ಗುರುತು ಬಿಟ್ಟರೆ ಒಂದು ತಗ್ಗಿಲ್ಲ, ಒಂದು ಗೀರಿಲ್ಲ.

“ಇಷ್ಟು ಮೆತ್ತಗೆ ತಾಗಿಸೋದು ಎಲ್ಲಿ ಕಲಿತ್ರಿ?”

ಎಂಥ ಉತ್ತರ ಬೇಕಾದರೂ ಹೇಳಬಹುದಾಗಿತ್ತು. ಆ ಗಳಿಗೆಯಲ್ಲಿ ಏನು ಹೇಳಿದರೂ ಜನ ನಂಬುತ್ತಿದ್ದರು. ಆದರೆ ಗುಮಾಸ್ತರಿಗೆ ಸಾಕಾಗಿತ್ತು. “ಶೆಡ್ಡಿನಲ್ಲಿ, ಮಾವ” ಎಂದರು. “ನನಗೆ ನಿಲ್ಲಿಸೋಕೆ ಬರಲ್ಲ. ಮೇಷ್ಟರ ಗೋಡೆಗೆ ತಾಗಿಸಿ ನಿಲ್ಲಿಸ್ತೀನಿ. ಗೋಡೆ ಬೀಳುತ್ತೆ ಅಂತ ಟೈರು ಕಟ್ಟಿಸಿದೆ. ಗುಡ್ಡ ಹತ್ತಿದ್ದು ಇವತ್ತೇ ಮೊದಲು.”

“ಗೊತ್ತು” ಎಂದರು ಮಾವ. “ನಿನ್ನೆ ಮುಟ್ಟಿ ನೋಡಿದಾಗ ಟೈರಿನ ಮೇಲೆ ಸುಣ್ಣ ಇತ್ತು. ಗುಡ್ಡದ ಮೇಲೆ ಯಾರು ಸುಣ್ಣ ಬಳೀತಾರೆ?”

“ಗೊತ್ತಿದ್ದೂ ಬಂದ್ರಾ?”

“ಮಗಳು ಮುಂದೆ ಕೂತಿರ್ತಾಳಲ್ಲ” ಎಂದರು ಮಾವ. ಮತ್ತೆ ಟೈರಿನ ಕಡೆ ನೋಡಿದರು. “ನನಗೆ ಈ ವಯಸ್ಸಿನಲ್ಲಿ ಅಷ್ಟು ಮೆತ್ತಗೆ ಆಗ್ತಿರಲಿಲ್ಲ. ಕಾಲು ಮೊದಲಿನ ಹಾಗಿಲ್ಲ.” ಇಷ್ಟು ಹೇಳಿ ಅವರು ಟ್ಯಾಂಕಿನ ನೆರಳಿಗೆ ಹೋಗಿ ಕುಳಿತರು.

ತಪಾಸಣೆ ಮುಗಿದು ಹೊರಡುವ ಹೊತ್ತಿಗೆ ಗುಮಾಸ್ತರು ನೋಡುತ್ತಾರೆ, ಹೆಂಡತಿ ಹಿಂದೆ ಅಮ್ಮನ ಪಕ್ಕ ಕುಳಿತಿದ್ದಾಳೆ. ಮುಂದಿನ ಸೀಟಿನಲ್ಲಿ, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಮಾವನವರು. ಏನಾದರೂ ಹೇಳಿದರೆ ಅವರು ಎದ್ದು ಹೋಗಿಬಿಟ್ಟಾರೆಂದು ಹೆದರಿ ಗುಮಾಸ್ತರು ಬೀಗದ ಕೈಯನ್ನೂ ಸದ್ದಾಗದಂತೆ ತಿರುಗಿಸಿದರು.

ಮೊದಲ ಎರಡು ತಿರುವಿನಲ್ಲಿ ಮಾವನವರ ಬಲಗಾಲು ಇಲ್ಲದ ಬ್ರೇಕನ್ನು ಒತ್ತಿತು. ಮೂರನೆಯ ತಿರುವಿನಲ್ಲಿ ಒತ್ತಲಿಲ್ಲ. ನಾಲ್ಕನೆಯದರಲ್ಲಿ ಗುಮಾಸ್ತರು ಓರೆಗಣ್ಣಿನಿಂದ ನೋಡಿದರೆ ಮಾವನವರ ತಲೆ ಕಿಟಕಿ ಕಂಬಿಗೆ ಒರಗಿತ್ತು, ಬಾಯಿ ಸ್ವಲ್ಪ ತೆರೆದಿತ್ತು.

“ಅತ್ತೆ! ಮಾವನಿಗೆ ಏನೋ ಆಗಿದೆ!”

ಅತ್ತೆ ಹಿಂದಿನಿಂದ ಬಾಗಿ ನೋಡಿದರು.

“ಏನಾಗಿದೆ ಅಮ್ಮಾ?” ಎಂದಳು ಮಗಳು.

“ನಿದ್ದೆ ಬಂದಿದೆ ಕಣೇ” ಎಂದರು ಅತ್ತೆ, ನಂಬಲಾರದವರ ಹಾಗೆ. “ಬೇರೆಯವರು ಓಡಿಸೋ ಗಾಡೀಲಿ ಇವರು ಕಣ್ಣು ಮುಚ್ಚಿದ್ದನ್ನ ನಾನು ಕಂಡೇ ಇಲ್ಲ. ನಮ್ಮ ಮದುವೆ ಮುಗಿಸಿ ಬರೋವಾಗಲೂ ನನ್ನ ಪಕ್ಕ ಕೂರಲಿಲ್ಲ, ಡ್ರೈವರ್ ಪಕ್ಕ ಹೋಗಿ ನಿಂತ್ಕೊಂಡು ಬಂದ್ರು.”

ಗುಮಾಸ್ತರು ಕಣ್ಣು ಒರೆಸಿಕೊಳ್ಳೋಣವೆಂದರೆ ಎರಡೂ ಕೈ ಸ್ಟಿಯರಿಂಗಿನ ಮೇಲೆ. ಹಾಗೆಯೇ ಗುಡ್ಡ ಇಳಿದರು, ಮೇಲ್ಸೇತುವೆ ದಾಟಿದರು, ಒಂದೊಂದು ಗುಂಡಿಯನ್ನೂ ಬಳಸಿಕೊಂಡು ತಮ್ಮ ಬೀದಿಗೆ ಬಂದರು. ಸುದ್ದಿ ಕೇಳಲು ಬೀದಿಯ ಜನ ಗೇಟಿನ ಬಳಿ ಗುಂಪುಕಟ್ಟಿ ನಿಂತಿದ್ದರು. ಜೀಪು ನಿಧಾನವಾಯಿತು. ನಿಲ್ಲಲಿಲ್ಲ. ಎಲ್ಲರ ಮುಂದೆಯೇ ಮೆಲ್ಲಗೆ ಹಾದು ಮುಂದಕ್ಕೆ ಹೋಯಿತು.

“ರೀ, ಮನೆ ಹಿಂದೆ ಹೋಯ್ತಲ್ರೀ!”

“ಶ್! ಮೆತ್ತಗೆ ಮಾತಾಡು” ಎಂದರು ಗುಮಾಸ್ತರು. “ಇನ್ನೊಂದು ಸುತ್ತು ಹೋಗಿ ಬರೋಣ.”